ಖಾಲಿ ಸೀಟಿನ ಲೆಕ್ಕ: ಓದುಗರ ಪ್ರಶ್ನೆ, ನಮ್ಮ ಉತ್ತರ

ಆಫೀಸಿಗೆ ಹೋಗಿಬರುವ ದಾರಿಯ ಬಗ್ಗೆ ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಸಿಬ್ಬಂದಿ ವಿಭಾಗ ಮತ್ತು ಆಡಳಿತ ವಿಭಾಗದವರಿಂದಲೇ ಬಂದಿವೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ. ಉಳಿದ ಪ್ರಶ್ನೆಗಳ ಬೇರೂ ಅದರಲ್ಲೇ ಇದೆ.

ಪ್ರಶ್ನೆ: ನಮ್ಮದು ಎಲೆಕ್ಟ್ರಾನಿಕ್ ಸಿಟಿಯಲ್ಲಿ 340 ಜನರಿರುವ ಕಂಪನಿ. ದಿನಕ್ಕೆ ಸುಮಾರು 110 ಕಾರು ಬರುತ್ತವೆ, ಬಹುತೇಕ ಎಲ್ಲದರಲ್ಲೂ ಒಬ್ಬೊಬ್ಬರೇ. ಕಾರ್‌ಪೂಲ್ (ಒಂದೇ ಕಾರಿನಲ್ಲಿ ಹಲವರು ಬರುವ) ಆ್ಯಪ್ ತಂದೆವು, ಪೋಸ್ಟರ್ ಅಂಟಿಸಿದೆವು, ಮೊದಲ ವಾರ 40 ಜನ ಹೆಸರು ಕೊಟ್ಟರು. ಎರಡು ತಿಂಗಳಲ್ಲಿ ಆರು ಜನ ಉಳಿದಿದ್ದಾರೆ. ಎಲ್ಲಿ ತಪ್ಪಿತು?
— ಆಡಳಿತ ವಿಭಾಗ, ಎಲೆಕ್ಟ್ರಾನಿಕ್ ಸಿಟಿ

ಉತ್ತರ: ಆ್ಯಪ್ ಕೊನೆಗೆ ಬರಬೇಕಿತ್ತು, ನಿಮ್ಮಲ್ಲಿ ಮೊದಲೇ ಬಂತು. ಬೆಳಿಗ್ಗೆ ಜೊತೆಯಾಗಿ ಬರಲು ಯಾರಿಗೂ ತಕರಾರಿಲ್ಲ. ತಕರಾರು ಇರುವುದು ಸಂಜೆಯದು. ಆರು ಗಂಟೆಗೆ ಮೀಟಿಂಗ್ ಎಳೆದರೆ, ಮಗುವಿನ ಶಾಲೆಯಿಂದ ಮೂರು ಗಂಟೆಗೇ ಫೋನ್ ಬಂದರೆ ಏನು ಗತಿ? ಈ ಒಂದು ಅಳುಕಿಗಾಗಿಯೇ ಜನ ವರ್ಷವಿಡೀ ಸ್ವಂತ ಕಾರು ತರುತ್ತಾರೆ. ಆದ್ದರಿಂದ ಮೊದಲು ‘ತುರ್ತು ಡ್ರಾಪ್’ ಘೋಷಿಸಿ. ಪೂಲಿಂಗ್‌ನಲ್ಲಿ, ಬಸ್ಸಿನಲ್ಲಿ ಅಥವಾ ಮೆಟ್ರೊದಲ್ಲಿ ಬಂದವರಿಗೆ ಅಂದು ತುರ್ತು ಬಿದ್ದರೆ ಕ್ಯಾಬ್ ಖರ್ಚು ಕಂಪನಿಯದು, ವರ್ಷಕ್ಕೆ ನಾಲ್ಕು ಸಲ. 80 ಸದಸ್ಯರು ನಾಲ್ಕೂ ಸಲ ಬಳಸಿ, ಪ್ರತಿ ಸಲ 600 ರೂಪಾಯಿ ಬಿಲ್ಲಾದರೂ 1.92 ಲಕ್ಷ ರೂಪಾಯಿ ಆಗುತ್ತದೆ. ಅಷ್ಟೂ ಖರ್ಚಾಗುವುದು ಅಪರೂಪ. ಜನಕ್ಕೆ ಬೇಕಿರುವುದು ಕ್ಯಾಬ್ ಇದೆಯೆಂಬ ಧೈರ್ಯ, ಕ್ಯಾಬೇ ಅಲ್ಲ. ಆದರೆ ಮ್ಯಾನೇಜರ್ ಸಹಿ, ಮೂರು ಇ-ಮೇಲ್ ಅಂತೆಲ್ಲ ಇಟ್ಟರೆ ಆ ಧೈರ್ಯವೂ ಹೋಗುತ್ತದೆ. ರಸೀದಿ ಕೊಟ್ಟರೆ ಹಣ, ಅಷ್ಟೇ ಇರಲಿ.

ಎರಡನೆಯದು ಪಾರ್ಕಿಂಗ್. ಲಿಫ್ಟಿನ ಪಕ್ಕದಲ್ಲೇ ನೆರಳಿನ ಜಾಗ ಪುಕ್ಕಟೆ ಸಿಗುವವರೆಗೆ ಯಾವ ಪೋಸ್ಟರೂ ಕೆಲಸ ಮಾಡದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1992ರ ಒಂದು ಕಾನೂನಿದೆ: ಕಂಪನಿ ಬಾಡಿಗೆಗೆ ಪಡೆದು ಪುಕ್ಕಟೆ ಕೊಡುವ ಪಾರ್ಕಿಂಗನ್ನು ಬೇಡವೆಂದ ನೌಕರನಿಗೆ ಅದರ ಬೆಲೆಯನ್ನು ನಗದಾಗಿ ಕೊಡಬೇಕು. ಅಲ್ಲಿನ ಎಂಟು ಕಂಪನಿಗಳನ್ನು ನಗರ ಯೋಜನೆಯ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ ಅಧ್ಯಯನ ಮಾಡಿದಾಗ ಒಂಟಿಯಾಗಿ ಕಾರಿನಲ್ಲಿ ಬರುವವರ ಪಾಲು ಶೇ 76ರಿಂದ 63ಕ್ಕೆ ಇಳಿದಿತ್ತು. ನೀವು ನಗದು ಕೊಡದಿದ್ದರೂ ಜಾಗವನ್ನಾದರೂ ಮರುಹಂಚಬಹುದು. ಲಿಫ್ಟಿಗೆ ಹತ್ತಿರದ 20–25 ಜಾಗ ಮೂರು ಅಥವಾ ಹೆಚ್ಚು ಜನ ಬಂದ ಕಾರಿಗೆ ಬೆಳಿಗ್ಗೆ 10ರವರೆಗೆ ಮೀಸಲು, ಆಮೇಲೆ ಯಾರಿಗಾದರೂ. ಗೇಟಿನಲ್ಲಿ ತಲೆ ಎಣಿಸುವ ಕೆಲಸ ಸೆಕ್ಯುರಿಟಿಗೆ ಕೊಟ್ಟರೆ, ಬಸ್ ಸ್ಟಾಪಿನಿಂದ ನಡೆದು ಬರುತ್ತಿರುವ ಸಹೋದ್ಯೋಗಿಯನ್ನು ಗೇಟಿಗೆ ನೂರು ಮೀಟರ್ ಇರುವಾಗ ಹತ್ತಿಸಿಕೊಳ್ಳುವ ಜಾಣರು ಹುಟ್ಟುತ್ತಾರೆ. ಪಾಸನ್ನು ಕಾರಿಗೆ ಕೊಡದೆ ನೋಂದಾಯಿಸಿದ ಗುಂಪಿಗೆ ಕೊಟ್ಟರೆ ಇದು ತಪ್ಪುತ್ತದೆ. ಮೇಲಧಿಕಾರಿಗಳ ಹೆಸರು ಬರೆದ ಜಾಗಗಳು ಹಾಗೇ ಉಳಿದರಂತೂ ಇಡೀ ಯೋಜನೆಯನ್ನು ಜನ ಚಹಾದ ಹೊತ್ತಿನಲ್ಲೇ ನಕ್ಕು ಮುಗಿಸುತ್ತಾರೆ.

ಮೂರನೆಯದು ಜೋಡಿಸುವ ವಿಧಾನ. ಪಿನ್‌ಕೋಡ್ ನಂಬಬೇಡಿ. ಒಂದೇ ಪಿನ್‌ಕೋಡಿನ ಇಬ್ಬರು ರಿಂಗ್ ರಸ್ತೆಯ ಆಚೀಚೆ ಇದ್ದರೆ ಒಂದು ಯೂ-ಟರ್ನ್ ಹತ್ತು ನಿಮಿಷ ತಿನ್ನುತ್ತದೆ. ದಾರಿಯ ಪ್ರಕಾರ ಗುಂಪು ಮಾಡಿ: ಬನ್ನೇರುಘಟ್ಟ ರಸ್ತೆಯವರು, ಬನಶಂಕರಿಯಿಂದ ಸಿಲ್ಕ್ ಬೋರ್ಡ್ ಕಡೆಯಿಂದ ಬರುವವರು, ಸರ್ಜಾಪುರ ರಸ್ತೆಯವರು. ಎಲ್ಲ ದಾರಿಗೂ ಒಟ್ಟಿಗೆ ಕೈಹಾಕದೆ ಹೆಚ್ಚು ಜನರಿರುವ ಮೂರನ್ನು ಮಾತ್ರ ಹಿಡಿಯಿರಿ. ಹಾಳೆಯಲ್ಲಿ ಬೇಕಿರುವ ಕಾಲಂಗಳು ಇಷ್ಟು: ಹತ್ತಿರದ ಮುಖ್ಯರಸ್ತೆಯ ಸ್ಟಾಪು, ಲಾಗಿನ್ ವೇಳೆ, ಎಷ್ಟು ನಿಮಿಷ ಹಿಂದೆಮುಂದೆ ಆಗಬಹುದು, ಆಫೀಸಿಗೆ ಬರುವ ದಿನಗಳು, ಕಾರಿದೆಯೇ, ಎಷ್ಟು ಸೀಟು. ‘ಬರುವ ದಿನಗಳು’ ಎಂಬ ಕಾಲಂ ಬಿಟ್ಟವರೇ ಹೆಚ್ಚು. ಒಬ್ಬರು ಮಂಗಳವಾರ, ಗುರುವಾರ ಬಂದು ಇನ್ನೊಬ್ಬರು ಸೋಮವಾರ, ಬುಧವಾರ ಬಂದರೆ ಅವರು ಕಾಗದದ ಮೇಲಷ್ಟೇ ಜೋಡಿ.

ಮನೆ ಬಾಗಿಲಿಗೆ ಹೋಗಿ ಹತ್ತಿಸಿಕೊಳ್ಳುವುದು ಬೇಡ. 55 ನಿಮಿಷದ ದಾರಿಯಲ್ಲಿ ಮೂರು ಮನೆಗೆ ನಾಲ್ಕು ನಾಲ್ಕು ನಿಮಿಷ ಒಳರಸ್ತೆ ಸುತ್ತಿದರೆ 12 ನಿಮಿಷ ಹೋಯಿತು, ಅಂದರೆ ಐದನೇ ಒಂದು ಭಾಗಕ್ಕಿಂತ ಹೆಚ್ಚು. ಒಂದೆರಡು ವಾರ ಸಂಕೋಚಕ್ಕೆ ಸುಮ್ಮನಿದ್ದು ಆಮೇಲೆ ಕಾರಿನವರು ‘ನಾಳೆ ನಾನು ಬೇಗ ಹೋಗ್ಬೇಕು’ ಅನ್ನತೊಡಗುತ್ತಾರೆ. ಮುಖ್ಯರಸ್ತೆಯಲ್ಲಿ ಗರಿಷ್ಠ ಎರಡು ಸ್ಟಾಪು, ಮೂರು ನಿಮಿಷ ಕಾಯುವುದು, ಆಮೇಲೆ ಹೊರಡುವುದು. ಈ ಮೂರು ನಿಮಿಷದ ನಿಯಮವನ್ನು ಕಂಪನಿಯೇ ಬರೆದು ಕೊಡಬೇಕು. ಸ್ನೇಹಿತರು ತಾವಾಗಿ ಒಬ್ಬರಿಗೊಬ್ಬರು ಹೇಳಿಕೊಳ್ಳಲಾರರು. ಒಂದು ಗುಂಪಿನಲ್ಲಿ ನಾಲ್ವರ ಬದಲು ಆರು ಜನ, ಎರಡು ಕಾರು ಇರಲಿ. ಸಂಜೆ 5.45ಕ್ಕೊಂದು, 7ಕ್ಕೊಂದು ಹೊರಟರೆ ಮೀಟಿಂಗ್ ಎಳೆದವರಿಗೂ ಸೀಟು ಉಳಿದಿರುತ್ತದೆ.

ಫಲಿತಾಂಶ ಅಳೆಯುವಾಗ ನೋಂದಣಿ ಎಣಿಸಬೇಡಿ, ಗೇಟಿನೊಳಗೆ ಬಂದ ಕಾರು ಎಣಿಸಿ. ಬಸ್ಸಿನಲ್ಲಿ ಬರುತ್ತಿದ್ದವರೇ ಪೂಲಿಂಗ್ ಕಾರು ಹತ್ತಿದರೆ ನೋಂದಣಿ ಏರುತ್ತದೆ, ಕಾರು ಮಾತ್ರ ಒಂದೂ ಕಡಿಮೆಯಾಗದು.

ಪ್ರಶ್ನೆ: ಪೆಟ್ರೋಲ್ ಹಣ ಹಂಚಿಕೊಳ್ಳುವುದು ಹೇಗೆ? ವೈಟ್ ಬೋರ್ಡ್ (ಖಾಸಗಿ ನೋಂದಣಿಯ) ಕಾರಿನಲ್ಲಿ ಹಣ ತೆಗೆದುಕೊಂಡರೆ ಆರ್‌ಟಿಒ ಹಿಡಿಯುತ್ತಾರಂತೆ, ನಿಜವೇ?
— ಓದುಗರು, ಎಚ್‌ಎಸ್‌ಆರ್ ಲೇಔಟ್

ಉತ್ತರ: ಲೆಕ್ಕ ಮೊದಲು. ಒಂದು ಕಡೆಗೆ 18 ಕಿ.ಮೀ. ಎಂದುಕೊಳ್ಳಿ, ಹೋಗಿಬರಲು 36. ಸಿಲ್ಕ್ ಬೋರ್ಡಿನ ಟ್ರಾಫಿಕ್ಕು ದಾಟುವ ಕಾರು ಲೀಟರಿಗೆ 12 ಕಿ.ಮೀ. ಕೊಟ್ಟರೆ ದೊಡ್ಡದು, ಅಲ್ಲಿಗೆ ಮೂರು ಲೀಟರ್. ಪೆಟ್ರೋಲ್ 103 ರೂಪಾಯಿ ಎಂದಿಟ್ಟುಕೊಂಡರೆ ದಿನಕ್ಕೆ 309. ಕಾರಿನಲ್ಲಿ ನಾಲ್ವರಿದ್ದರೆ ಇದನ್ನು ನಾಲ್ಕರಿಂದ ಭಾಗಿಸಬೇಕು, ಮೂರರಿಂದಲ್ಲ. ಕಾರಿನವರೂ ಒಬ್ಬ ಪ್ರಯಾಣಿಕರೇ. ತಲೆಗೆ 77 ರೂಪಾಯಿ. ಟೋಲ್ ಇದ್ದರೆ ಅದನ್ನೂ ಸೇರಿಸಿ. ಟಯರು, ಸರ್ವಿಸು, ಸವಕಳಿ ಅಂತ ಸೇರಿಸಲು ಹೊರಟಲ್ಲೇ ಹಂಚಿಕೆ ಹೋಗಿ ಬಾಡಿಗೆಯ ವಾಸನೆ ಬರುತ್ತದೆ. ಹಣವೇ ಬೇಡವೆಂದರೆ ಕಾರುಗಳನ್ನು ವಾರಕ್ಕೊಮ್ಮೆ ಸರದಿಯಲ್ಲಿ ತನ್ನಿ. ನಾಲ್ವರಲ್ಲಿ ಮೂವರಿಗಾದರೂ ಕಾರಿದ್ದರೆ ಅದಕ್ಕಿಂತ ಚೊಕ್ಕ ವ್ಯವಸ್ಥೆ ಇಲ್ಲ.

ಕಾನೂನಿನ ಮಾತು. ಖಾಸಗಿ ನೋಂದಣಿಯ ವಾಹನವನ್ನು ಪರ್ಮಿಟ್ ಇಲ್ಲದೆ ಬಾಡಿಗೆಗೆ ಓಡಿಸುವುದು ಮೋಟಾರು ವಾಹನ ಕಾಯ್ದೆಯ 66ನೇ ಸೆಕ್ಷನ್ನಿನ ಉಲ್ಲಂಘನೆ. 192-ಎ ಪ್ರಕಾರ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಕೇಂದ್ರದ 2020ರ ಅಗ್ರಿಗೇಟರ್ (ಆ್ಯಪ್ ಮೂಲಕ ಕ್ಯಾಬ್ ಒದಗಿಸುವ ಕಂಪನಿಗಳ) ಮಾರ್ಗಸೂಚಿ ಲಾಭವಿಲ್ಲದ ಪೂಲಿಂಗ್‌ಗೆ ಅವಕಾಶ ಕೊಟ್ಟಿತಾದರೂ ರಾಜ್ಯ ಬೇಡವೆನ್ನಬಹುದು ಎಂಬ ಬಾಲ ಅದಕ್ಕಿತ್ತು. ಬೆಂಗಳೂರಿನಲ್ಲಿ 2023ರಲ್ಲಿ ಆ್ಯಪ್‌ಗಳ ಮೂಲಕ ಹಣ ಪಡೆದು ನಡೆಯುವ ವೈಟ್ ಬೋರ್ಡ್ ಪೂಲಿಂಗ್ ಬಗ್ಗೆ ಸಾರಿಗೆ ಇಲಾಖೆ ಗರಂ ಆದಾಗ ಗದ್ದಲವೆದ್ದದ್ದು ಇದಕ್ಕೇ. ಅಪರಿಚಿತರನ್ನು ಹತ್ತಿಸಿಕೊಂಡು ಕಿ.ಮೀ.ಗೆ ಇಷ್ಟು ಎಂದು ವಸೂಲಿ ಮಾಡುವುದರಿಂದ ದೂರವಿರಿ. ಒಂದೇ ಕಂಪನಿಯ ಗೊತ್ತಿರುವ ಗುಂಪು, ಖರ್ಚಿನ ಸಮ ಹಂಚಿಕೆ, ತಿಂಗಳ ಕೊನೆಗೆ ಲೆಕ್ಕ: ಇದರೊಳಗೇ ಇರಿ.

ದಂಡಕ್ಕಿಂತ ನಾವು ಹೆದರುವುದು ವಿಮೆಗೆ. ಖಾಸಗಿ ಕಾರಿನ ಪಾಲಿಸಿಯಲ್ಲಿ ‘ಬಾಡಿಗೆ ಅಥವಾ ಪ್ರತಿಫಲಕ್ಕೆ ಬಳಸುವಂತಿಲ್ಲ’ ಎಂಬ ಷರತ್ತು ಇರುತ್ತದೆ. ಥರ್ಡ್ ಪಾರ್ಟಿ ಪಾಲಿಸಿ ಮಾತ್ರ ಇರುವ ಕಾರಿನಲ್ಲಿ ಸುಮ್ಮನೆ ಕುಳಿತು ಬರುವವರಿಗೂ ರಕ್ಷಣೆ ಇಲ್ಲ. ಸ್ವಂತ ಕಾರಿನ ಹಾನಿಯನ್ನೂ ಒಳಗೊಂಡ ಪ್ಯಾಕೇಜ್ ಪಾಲಿಸಿಯಲ್ಲಿ ಇದೆ. ಹೆಚ್ಚುವರಿಯಾಗಿ ‘ಹೆಸರಿಸದ ಪ್ರಯಾಣಿಕರ ವೈಯಕ್ತಿಕ ಅಪಘಾತ ವಿಮೆ’ಯನ್ನು ತಲಾ 2 ಲಕ್ಷದವರೆಗೆ ಸೇರಿಸಿಕೊಳ್ಳಬಹುದು. ಪೂಲಿಂಗ್ ಪಾಸ್ ಕೊಡುವ ಮೊದಲು ಪಾಲಿಸಿಯ ಪ್ರತಿ ತರಿಸಿ, ಅದು ಯಾವ ಬಗೆಯದೆಂದು ಓದಿಯೇ ಸಹಿ ಹಾಕಿ.

ಪ್ರಶ್ನೆ: ಸ್ಕೂಟರಿನಲ್ಲಿ ಬರುವವರನ್ನು ಕಾರ್‌ಪೂಲ್‌ಗೆ ಒಪ್ಪಿಸಲು ಆಗುತ್ತಲೇ ಇಲ್ಲ.
— ಓದುಗರು, ಮಾರತ್‌ಹಳ್ಳಿ

ಉತ್ತರ: ಒಪ್ಪಿಸಬೇಡಿ. ಅದೇ 36 ಕಿ.ಮೀ.ಗೆ ಲೀಟರಿಗೆ 45 ಕೊಡುವ ಸ್ಕೂಟರಿಗೆ 82 ರೂಪಾಯಿ, ಕಾರಿನ ಪಾಲು 77. ಐದು ರೂಪಾಯಿಗೆ ಯಾರು ತಮ್ಮ ಸ್ವಾತಂತ್ರ್ಯ ಬಿಡುತ್ತಾರೆ? ಮಳೆಗಾಲದಲ್ಲಿ ಅವರೇ ಕೇಳಿಕೊಂಡು ಬರುತ್ತಾರೆ, ಆಗ ಸೀಟು ಕೊಡಿ. ಸ್ಕೂಟರಿನ ಹಿಂದಿನ ಸೀಟು ತುಂಬಿಸುವುದು ಇನ್ನೂ ಸುಲಭ. ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯವಾದ್ದರಿಂದ ಕಂಪನಿ ಐಎಸ್‌ಐ ಗುರುತಿನ ಎರಡನೇ ಹೆಲ್ಮೆಟ್ ಮತ್ತು ಅದನ್ನಿಡಲು ರಿಸೆಪ್ಷನ್ ಬಳಿ ಒಂದು ರ‍್ಯಾಕ್ ಕೊಟ್ಟರೆ ಅರ್ಧ ಕೆಲಸ ಆದಂತೆ.

ಪ್ರಶ್ನೆ: ರಾತ್ರಿ ಶಿಫ್ಟಿನ ಕ್ಯಾಬ್ ಖರ್ಚು ಹೆಚ್ಚಾಗಿದೆ. ಮಹಿಳಾ ಸಿಬ್ಬಂದಿಯನ್ನೂ ಕಾರ್‌ಪೂಲ್‌ಗೆ ಸೇರಿಸಬಹುದೇ?
— ಸಿಬ್ಬಂದಿ ವಿಭಾಗ, ವೈಟ್‌ಫೀಲ್ಡ್

ಉತ್ತರ: ಆಗದು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ರಾತ್ರಿ 8ರಿಂದ ಬೆಳಿಗ್ಗೆ 6ರೊಳಗೆ ಮಹಿಳೆಯರಿಗೆ ಕೆಲಸ ಕೊಡುವ ಸಂಸ್ಥೆಗೆ ಮನೆಯವರೆಗಿನ ಸಾರಿಗೆ ಮತ್ತು ಸುರಕ್ಷತೆಯ ಹೊಣೆಯೂ ಬರುತ್ತದೆ. ಮಹಿಳೆಯನ್ನು ಮೊದಲು ಹತ್ತಿಸದ, ಕೊನೆಗೆ ಇಳಿಸದ ರೀತಿಯಲ್ಲಿ ರೂಟ್ ಹಾಕಬೇಕು. ಆ ಹೊಣೆಯನ್ನು ಸಹೋದ್ಯೋಗಿಯ ಕಾರಿನ ಮೇಲೆ ಹೇರುವಂತಿಲ್ಲ. ಖರ್ಚು ಇಳಿಸಬೇಕಾದರೆ ರೋಸ್ಟರ್ ನೋಡಿ: ಒಂದೇ ದಾರಿಯವರನ್ನು ಒಂದೇ ಶಿಫ್ಟಿಗೆ ತಂದರೆ ಅರ್ಧ ಖಾಲಿ ಓಡುವ ಕ್ಯಾಬ್‌ಗಳು ತಾವಾಗಿ ಕಡಿಮೆಯಾಗುತ್ತವೆ.

ಹಗಲಿನ ಪೂಲಿಂಗ್‌ಗೆ ಮಹಿಳೆಯರು ಸೇರಬೇಕೆಂದರೆ ‘ಮಹಿಳೆಯರು ಮಾತ್ರ’ ಗುಂಪಿನ ಆಯ್ಕೆ ಇರಲಿ. ಪಟ್ಟಿಯಲ್ಲಿ ಮನೆ ವಿಳಾಸವಾಗಲಿ ಮೊಬೈಲ್ ನಂಬರಾಗಲಿ ಕಾಣಬಾರದು, ಸ್ಟಾಪಿನ ಹೆಸರು ಮತ್ತು ಉದ್ಯೋಗಿ ಸಂಖ್ಯೆ ಸಾಕು. ಬೇಡವೆನಿಸಿದಾಗ ಕಾರಣ ಹೇಳದೆ ಗುಂಪು ಬಿಡಲು ದಾರಿಯಿರಬೇಕು.

ಪ್ರಶ್ನೆ: ಹಳದಿ ಮಾರ್ಗ ಬಂದ ಮೇಲೂ ನಮ್ಮ ಕಾರ್ಖಾನೆಯವರು ಮೆಟ್ರೊ ಹತ್ತುತ್ತಿಲ್ಲ. ಬೊಮ್ಮಸಂದ್ರ ನಿಲ್ದಾಣದಿಂದ ನಮಗೆ 2.8 ಕಿ.ಮೀ. ಒಂದು ಮಿನಿ ಬಸ್ ಇಟ್ಟಿದ್ದೇವೆ.
— ಓದುಗರು, ಬೊಮ್ಮಸಂದ್ರ

ಉತ್ತರ: ಒಂದು ಸಾಲದು. 20 ಸೀಟಿನ ಬಸ್ ಹೋಗಿ, ಇಳಿಸಿ, ತಿರುಗಿ ಬರಲು 25 ನಿಮಿಷ ಹಿಡಿದರೆ ಗಂಟೆಗೆ ಎರಡೂವರೆ ಸುತ್ತೂ ಆಗುವುದಿಲ್ಲ, ಹೆಚ್ಚೆಂದರೆ 48 ಜನ. ಶಿಫ್ಟಿಗೆ ಮುಂಚಿನ ಒಂದು ಗಂಟೆಯಲ್ಲಿ 90 ಜನ ಇಳಿಯುವಂತಿದ್ದರೆ ಎರಡು ಬಸ್ ಬೇಕು. ಒಮ್ಮೆ ಬಸ್ ತಪ್ಪಿಸಿಕೊಂಡು 25 ನಿಮಿಷ ಬಿಸಿಲಲ್ಲಿ ನಿಂತವರು ಮರುದಿನ ಬೈಕಿನಲ್ಲೇ ಬರುತ್ತಾರೆ. ದುಡ್ಡು ಸಾಲದಿದ್ದರೆ ಪಕ್ಕದ ಎರಡು ಕಾರ್ಖಾನೆಗಳನ್ನು ಸೇರಿಸಿಕೊಂಡು ಕಿ.ಮೀ. ಲೆಕ್ಕದಲ್ಲಿ ಬಾಡಿಗೆ ಹಂಚಿ.

ವೇಳಾಪಟ್ಟಿಯನ್ನು ರೈಲು ಬರುವ ಹೊತ್ತಿಗೆ ಕಟ್ಟಿ, ಗಡಿಯಾರದ ಕಾಲು, ಅರ್ಧ ಗಂಟೆಗಲ್ಲ. 2025ರ ಆಗಸ್ಟ್‌ನಲ್ಲಿ ಆರ್‌.ವಿ. ರಸ್ತೆ–ಬೊಮ್ಮಸಂದ್ರ ನಡುವಿನ 16 ನಿಲ್ದಾಣಗಳ ಈ ಮಾರ್ಗ ಆರಂಭವಾದಾಗ ಮೂರೇ ರೈಲು, 25 ನಿಮಿಷಕ್ಕೊಂದು. ಅಂದಿನ ಪಟ್ಟಿಯನ್ನೇ ಗೋಡೆಯ ಮೇಲೆ ಇಟ್ಟುಕೊಂಡಿದ್ದರೆ ಹರಿದು ಹಾಕಿ, ರೈಲು ಹೆಚ್ಚಿದಾಗಲೆಲ್ಲ ಹೊಸದು ಬರೆಯಿರಿ. ಬೆಳಿಗ್ಗೆ 6ರ ಶಿಫ್ಟಿಗೆ ಮೆಟ್ರೊ ನೆಚ್ಚುವಂತಿಲ್ಲ, ಅವರಿಗೆ ಹಳೆಯ ಬಸ್ಸೇ ಇರಲಿ. ಜನರಲ್ ಶಿಫ್ಟಿನವರನ್ನು ಮಾತ್ರ ಗುರಿಯಾಗಿಸಿ.

ಪಾಸಿನ ಸಹಾಯಧನ ಕೊಡುವುದಾದರೆ ಒಂದು ಸಂಗತಿ: ಶಕ್ತಿ ಯೋಜನೆಯಿಂದಾಗಿ 2023ರ ಜೂನ್ 11ರಿಂದ ಬಿಎಂಟಿಸಿ ಸಾಮಾನ್ಯ ಬಸ್ಸಿನಲ್ಲಿ ರಾಜ್ಯದ ಮಹಿಳೆಯರಿಗೆ ಟಿಕೆಟ್ ಉಚಿತ. ಅವರಿಗೆ ಆ ಬಸ್ಸಿನ ಪಾಸ್ ಕೊಟ್ಟರೆ ಹಣ ನೀರಿಗೆ ಹೋದಂತೆ. ಮೆಟ್ರೊ ಕಾರ್ಡಿಗೆ ರೀಚಾರ್ಜ್ ಮಾಡಿಸಿ. 2025ರ ಫೆಬ್ರುವರಿಯಲ್ಲಿ ಗರಿಷ್ಠ ದರ 90 ರೂಪಾಯಿಗೆ ಏರಿದ ಮೇಲೆ ಅಲ್ಲೇ ಜೇಬು ಸುಡುತ್ತಿರುವುದು.

ಪ್ರಶ್ನೆ: ಸಾರಿಗೆ ಭತ್ಯೆ ಕೊಟ್ಟರೆ ನೌಕರರಿಗೆ ತೆರಿಗೆ ಬೀಳುತ್ತದೆಯೇ?
— ಲೆಕ್ಕ ವಿಭಾಗ, ಮೈಸೂರು

ಉತ್ತರ: ಬೀಳುತ್ತದೆ. ತಿಂಗಳಿಗೆ 1,600 ರೂಪಾಯಿಯ ಹಳೆಯ ವಿನಾಯಿತಿ 2018–19ರಿಂದ ಇಲ್ಲ, ಅಂಗವಿಕಲ ನೌಕರರಿಗಿದ್ದ 3,200 ಮಾತ್ರ ಆಗ ಉಳಿಯಿತು. ಕಂಪನಿಯೇ ಮನೆಯಿಂದ ಆಫೀಸಿಗೆ ವಾಹನ ಒದಗಿಸಿದರೆ ಅದನ್ನು ತೆರಿಗೆ ಬೀಳುವ ಸವಲತ್ತೆಂದು ಎಣಿಸುವುದಿಲ್ಲ. ಅಂದರೆ ಭತ್ಯೆಗಿಂತ ಬಸ್ ಲೇಸು.

ಪ್ರಶ್ನೆ: ನಮ್ಮ ಘಟಕ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿದೆ. ಹುಬ್ಬಳ್ಳಿಯಿಂದಲೇ ಬಸ್ ಬಿಡಿ ಎಂದು ಒತ್ತಾಯವಿದೆ.
— ಓದುಗರು, ಧಾರವಾಡ

ಉತ್ತರ: ಹುಬ್ಬಳ್ಳಿ–ಧಾರವಾಡದ ನಡುವೆ ಸುಮಾರು 22 ಕಿ.ಮೀ. ಚಿಗರಿ ಎಂಬ ತ್ವರಿತ ಬಸ್ಸಿಗೆ ಪ್ರತ್ಯೇಕ ಪಥವೇ ಇದೆ. ಅದರ ಪಕ್ಕದಲ್ಲಿ ನಿಮ್ಮ ಬಸ್ಸನ್ನು ಟ್ರಾಫಿಕ್ಕಿನಲ್ಲಿ ಓಡಿಸಿದರೆ ಹಣವೂ ಹೆಚ್ಚು, ಹೊತ್ತೂ ಹೆಚ್ಚು. ಧಾರವಾಡದಿಂದ ಬೇಲೂರಿಗೆ ಮಾತ್ರ ಬಸ್ ಇಡಿ, ಹುಬ್ಬಳ್ಳಿಯವರಿಗೆ ಚಿಗರಿಯ ಪಾಸ್ ಕೊಡಿ. ಉಳಿದ ಹಣದಲ್ಲಿ ಬೇಲೂರಿಗೆ ಎರಡನೇ ಸುತ್ತು ಹಾಕಿಸಿ. ಜನ ಗೊಣಗುವುದು ಬಸ್ ಬದಲಿಸುವುದಕ್ಕಲ್ಲ, ಬದಲಿಸಿದ ಕಡೆ ಕಾಯುವುದಕ್ಕೆ. ಚಿಗರಿ ಇಳಿದ ಹತ್ತು ನಿಮಿಷದೊಳಗೆ ನಿಮ್ಮ ಬಸ್ ಹೊರಡುವಂತಿರಲಿ, ನಿಲ್ಲುವ ಜಾಗ ಚಿಗರಿ ನಿಲ್ದಾಣದಿಂದ ಕಣ್ಣಿಗೆ ಕಾಣುವಂತಿರಲಿ.