ಕರಡು ಮಾಸ್ಟರ್ ಪ್ಲಾನ್‌ನಲ್ಲಿ ನಮ್ಮ ಜಮೀನು ಹಸಿರಾಗಿದೆ, ಏನು ಮಾಡಲಿ?

ಪ್ರಶ್ನೆ: ತಾಲ್ಲೂಕು ಕೇಂದ್ರದ ಪಕ್ಕ ನಮ್ಮ 2 ಎಕರೆ ಇದೆ. ಯಾವ ಜಾಗ ಯಾವ ಬಳಕೆಗೆ ಎಂದು ಗುರುತಿಸುವ, ಈಗ ಪ್ರಕಟವಾದ ಕರಡು ಮಾಸ್ಟರ್ ಪ್ಲಾನ್‌ನಲ್ಲಿ ಅದನ್ನು ಕೃಷಿ ವಲಯಕ್ಕೆ (ನಕ್ಷೆಯಲ್ಲಿ ಹಸಿರು ಬಣ್ಣ) ಸೇರಿಸಿದ್ದಾರೆ, ನಡುವೆ 18 ಮೀಟರ್ ರಸ್ತೆಯೂ ಹಾದಿದೆ. 2020ರ ತಿದ್ದುಪಡಿ ಆದ ಮೇಲೆ ಡಿಸಿ ಕನ್ವರ್ಷನ್ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸಲು ಜಿಲ್ಲಾಧಿಕಾರಿಯ ಅನುಮತಿ) ಮಾಡಿಸಿ ಸೈಟು ಹಾಕಬಹುದು ಅನ್ನುತ್ತಾರೆ ಏಜೆಂಟರು. ನಿಜವೇ?
– ಓದುಗರೊಬ್ಬರು, ತುಮಕೂರು ಜಿಲ್ಲೆ

ಉತ್ತರ: ಏಜೆಂಟರು ಎರಡು ಕಾಯ್ದೆಗಳನ್ನು ಕಲಸಿದ್ದಾರೆ. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಹೋದವು. ಕೃಷಿಕರಲ್ಲದವರೂ ಹೊಲ ಕೊಳ್ಳುವಂತಾಯಿತು, ಅಷ್ಟೇ. ಅಲ್ಲಿ ಏನು ಕಟ್ಟಬಹುದು ಎಂಬುದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಗೆ ಬಿಟ್ಟದ್ದು. ಕನ್ವರ್ಷನ್ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಡಿ ಆಗುತ್ತದೆ, ಆದರೆ ಅದೂ ಮಾಸ್ಟರ್ ಪ್ಲಾನಿಗೆ ಹೊಂದಬೇಕು. ನಕ್ಷೆಯಲ್ಲಿ ಕೃಷಿ ವಲಯ ಇಟ್ಟುಕೊಂಡು ವಸತಿಗೆ ಅರ್ಜಿ ಹಾಕಿದರೆ ಶುಲ್ಕ, ಓಡಾಟ ಎರಡೂ ದಂಡ.

ಹಾಗಾಗಿ ಈಗಲೇ ಯೋಜನಾ ಪ್ರಾಧಿಕಾರಕ್ಕೆ ಆಕ್ಷೇಪಣೆ ಹಾಕಿ. ಕರಡು ಪ್ರಕಟವಾದ ಮೇಲೆ 60 ದಿನ ಕಾಲಾವಕಾಶ. ‘ಅನ್ಯಾಯವಾಗಿದೆ’ ಎಂದು ಬರೆದ ಪತ್ರಕ್ಕೆ ಅಲ್ಲಿ ತೂಕವಿಲ್ಲ. ಪಹಣಿ, ಆಕಾರ್ ಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ), ಟಿಪ್ಪಣಿ (ಸರ್ವೆಯ ಅಳತೆ ದಾಖಲೆ), ಗ್ರಾಮ ನಕ್ಷೆಯ ಪ್ರತಿ ತೆಗೆಸಿ. ಗ್ರಾಮ ನಕ್ಷೆಯನ್ನೂ ಕರಡು ನಕ್ಷೆಯನ್ನೂ ಒಂದೇ ಅಳತೆಗೆ ತಂದು ಒಂದರ ಮೇಲೊಂದು ಇಟ್ಟು ನೋಡಿ. ಇದನ್ನು ಪರವಾನಗಿ ಇರುವ ಸರ್ವೆಯರ್ ಮಾಡಿಕೊಡುತ್ತಾರೆ. ಸರ್ವೆ ನಂಬರಿನ ಗಡಿಯೇ ಜರುಗಿ ಕೂತಿರುವುದು, ಹಿಸ್ಸಾ (ಸರ್ವೆ ನಂಬರಿನ ಉಪಭಾಗ) ಕೈಬಿಟ್ಟಿರುವುದು ಅಪರೂಪವಲ್ಲ. ರಸ್ತೆಯ ಲೆಕ್ಕವನ್ನೂ ಬರೆಯಿರಿ: ಜಮೀನು ಚೌಕವಾಗಿದ್ದರೆ ಒಂದು ಬದಿ ಸುಮಾರು 90 ಮೀಟರ್, ರಸ್ತೆ ನೇರ ಹಾದರೆ 16 ಗುಂಟೆ ಹೋಗುತ್ತದೆ. ಪಕ್ಕದಲ್ಲಿ ಬಂಡಿದಾರಿಯೋ ಸರ್ಕಾರಿ ಖರಾಬೋ (ಸಾಗುವಳಿಗೆ ಬಾರದ ಸರ್ಕಾರಿ ಜಾಗ) ಇದ್ದರೆ ರಸ್ತೆಯನ್ನು ಅತ್ತ ಸರಿಸಲು ಕೇಳಿ. ಬರೀ ‘ಬೇಡ’ ಅನ್ನುವುದಕ್ಕಿಂತ ಬದಲಿ ಗೆರೆ ಎಳೆದುಕೊಟ್ಟ ಅರ್ಜಿಯನ್ನೇ ಅಧಿಕಾರಿ ಓದುತ್ತಾರೆ. ವಲಯ ಬದಲಿಸಿ ಎನ್ನಲು ಕುಡಿಯುವ ನೀರು, ಚರಂಡಿ, ಅಕ್ಕಪಕ್ಕದ ಅನುಮೋದಿತ ಬಡಾವಣೆಗಳನ್ನು ತೋರಿಸಿ. ದಿನಾಂಕದ ಮೊಹರಿರುವ ಸ್ವೀಕೃತಿ ತೆಗೆದುಕೊಳ್ಳದೆ ಬರಬೇಡಿ.

ಅಂತಿಮ ಅನುಮೋದನೆ ಆದ ಮೇಲೆ ಉಳಿಯುವುದು ಯೋಜನಾ ಕಾಯ್ದೆಯ 14ಎ ಕಲಂ, ಅಂದರೆ ಪ್ಲಾನಿನಲ್ಲಿನ ಭೂ ಬಳಕೆ ಬದಲಿಸುವ ದಾರಿ. ಅದಕ್ಕೆ ಸರ್ಕಾರದ ಪೂರ್ವಾನುಮತಿ, ಪತ್ರಿಕೆಯಲ್ಲಿ ಪ್ರಕಟಣೆ, ಶುಲ್ಕ ಎಲ್ಲ ಬೇಕು. ನಕ್ಷೆ ಬರೆಯುವಾಗಿನ ತಪ್ಪು ಅದಕ್ಕೆ ಒಂದು ಕಾರಣವಾಗುತ್ತದೆ, ‘ಬೆಲೆ ಏರಿದೆ’ ಎಂಬುದು ಆಗುವುದಿಲ್ಲ.

ಪ್ರಶ್ನೆ: ಕೃಷಿ ವಲಯವೇ ಉಳಿದರೆ ವಾಸಕ್ಕೊಂದು ಮನೆ?
– ಅವರದೇ ಎರಡನೆಯ ಪ್ರಶ್ನೆ

ಉತ್ತರ: ತೋಟದ ಮನೆಗೆ ಕನ್ವರ್ಷನ್ ಬೇಡ, ಹಿಡುವಳಿಯ ಶೇ 10 ದಾಟಬಾರದು. ಅದನ್ನೇ ರೆಸಾರ್ಟು ಮಾಡಿ ಬಾಡಿಗೆಗೆ ಬಿಟ್ಟರೆ ಕೃಷಿಯೇತರ ಬಳಕೆ ಆಗುತ್ತದೆ, ಭೂ ಕಂದಾಯ ಕಾಯ್ದೆಯ 96ನೇ ಕಲಮಿನ ದಂಡ ಬೀಳುತ್ತದೆ.