32 ವರ್ಷಕ್ಕೇ ಹಾರ್ಟ್ ಅಟ್ಯಾಕ್ ಆಗುತ್ತಾ? ಆದವರು ಮುಂದೆ ಮಾಮೂಲಿಯಾಗಿ ಬದುಕಬಹುದಾ?

ನಿಮಗೆ 32, ತೆಳ್ಳಗಿದ್ದೀರಿ, ಶುಗರ್ ಇಲ್ಲ, ದಿನಕ್ಕೆ ನಾಲ್ಕೈದು ಸಿಗರೇಟು, ತಂದೆ 48ಕ್ಕೇ ಹೃದಯಾಘಾತದಲ್ಲಿ ತೀರಿಕೊಂಡರು, ಹಾಸನದಲ್ಲಿ ಚಿಕ್ಕ ವಯಸ್ಸಿನವರು ಹೃದಯಾಘಾತದಿಂದ ಸತ್ತ ಸುದ್ದಿ ಓದಿದಾಗಿನಿಂದ ನಿದ್ದೆ ಬರುತ್ತಿಲ್ಲ ಅಂತ ಬರೆದಿದ್ದೀರಿ. ಆಗುತ್ತೆ. ನನಗೆ 36ಕ್ಕೆ ಆಯಿತು, 2019ರಲ್ಲಿ.

ಬೆಳಗಿನ ಜಾವ ಐದೂವರೆ. ನೋವು ಅಂತ ಅನ್ನಿಸಲೇ ಇಲ್ಲ, ಎದೆಯ ಮೇಲೆ ಒರಳುಕಲ್ಲು ಇಟ್ಟ ಹಾಗಿತ್ತು. ದವಡೆ ಎಳೆಯುತ್ತಿತ್ತು. ಚಳಿಗಾಲದಲ್ಲೂ ಬನಿಯನ್ ಹಿಂಡುವಷ್ಟು ಬೆವರು. ರಾತ್ರಿ ಬಿರಿಯಾನಿ ತಿಂದಿದ್ದೆ, ಗ್ಯಾಸ್ ಅಂದುಕೊಂಡೆ. ನನ್ನ ಹೆಂಡತಿ ಜೀರಿಗೆ ಕಷಾಯ ಮಾಡಿಕೊಟ್ಟಳು. ಎಂಟು ಗಂಟೆಗೆ ಹತ್ತಿರದ ಕ್ಲಿನಿಕ್‌ಗೆ ಹೋದರೆ "ಈ ವಯಸ್ಸಿಗೆಲ್ಲ ಹಾರ್ಟ್ ಪ್ರಾಬ್ಲಂ ಇರಲ್ಲ" ಅಂತ ಗ್ಯಾಸಿನ ಇಂಜೆಕ್ಷನ್ ಕೊಟ್ಟು ಕಳಿಸಿದರು. ಇಸಿಜಿ ಮಾಡಿಸುವಷ್ಟರಲ್ಲಿ ಹನ್ನೊಂದಾಗಿತ್ತು. ಆ ಐದೂವರೆ ತಾಸಿನಲ್ಲಿ ಸತ್ತ ಹೃದಯದ ಸ್ನಾಯು ಇನ್ನು ವಾಪಸ್ ಬರುವುದಿಲ್ಲ.

ವಯಸ್ಸಾದವರ ರಕ್ತನಾಳ ವರ್ಷಗಟ್ಟಲೆ ನಿಧಾನವಾಗಿ ಕಟ್ಟಿಕೊಳ್ಳುತ್ತೆ, ಅಷ್ಟರಲ್ಲಿ ಅಕ್ಕಪಕ್ಕ ಸಣ್ಣ ನಾಳಗಳು ಬೆಳೆದಿರಬಹುದು. ನಮ್ಮ ವಯಸ್ಸಿನವರಿಗೆ ಬಹಳ ಸಲ ಹಾಗಲ್ಲ. ನಾಳದ ಒಳಗೋಡೆಯಲ್ಲಿ ಕೂತ ಕೊಬ್ಬು ಒಡೆದು, ಅಲ್ಲೇ ರಕ್ತ ಹೆಪ್ಪುಗಟ್ಟಿ, ದಾರಿ ಒಮ್ಮೆಲೇ ಮುಚ್ಚುತ್ತೆ. ಹಿಂದಿನ ದಿನದವರೆಗೆ ಕ್ರಿಕೆಟ್ ಆಡಿಕೊಂಡಿದ್ದವನು ಮರುದಿನ ಕುಸಿಯುವುದು ಹೀಗೆ. ಸಿಗರೇಟು ಆ ಗೋಡೆಯನ್ನೂ ಹಾಳು ಮಾಡುತ್ತೆ, ಹೆಪ್ಪುಗಟ್ಟುವುದನ್ನೂ ಹೆಚ್ಚಿಸುತ್ತೆ. ನಾಲ್ಕೈದೇ ಅಲ್ವಾ ಅನ್ನಬೇಡಿ, ನಾನೂ ಹಾಗೇ ಅನ್ನುತ್ತಿದ್ದೆ. 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ಕ್ಕೆ ಆಗಿತ್ತು, ಬೇರೆಯವರಿಗೆ ಸುಮಾರು 59ಕ್ಕೆ. ಸಿಗರೇಟು, ಕೊಲೆಸ್ಟರಾಲ್, ಬಿಪಿ, ಶುಗರ್, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ ಎಲ್ಲ ಅದೇ ಹಳೆಯ ಕಾರಣಗಳು, ನಮಗೆ ಬೇಗ ಬಂದು ಮುತ್ತುತ್ತವೆ ಅಷ್ಟೆ.

ಕೋವಿಡ್ ಲಸಿಕೆ ಕಾರಣವಾ ಅಂತಲೂ ಕೇಳಿದ್ದೀರಿ. 18ರಿಂದ 45 ವಯಸ್ಸಿನವರ ಹಠಾತ್ ಸಾವುಗಳ ಬಗ್ಗೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲಸಿಕೆಯಿಂದ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಕುಟುಂಬದಲ್ಲಿ ಇಂಥ ಸಾವು ಆಗಿರುವುದು, ಧೂಮಪಾನ, ಸಾವಿಗೆ ಮುಂಚಿನ 48 ತಾಸಿನೊಳಗೆ ವಿಪರೀತ ಕುಡಿದದ್ದು ಅಥವಾ ತೀರಾ ಶ್ರಮದ ವ್ಯಾಯಾಮ ಮಾಡಿದ್ದು, ಅಪಾಯದ ಜೊತೆ ಕಂಡವು ಇಂಥವು.

ಈಗ ಎರಡನೇ ಪ್ರಶ್ನೆ. ನನಗೆ ಒಂದು ಸ್ಟೆಂಟ್, ಅಂದರೆ ಕಟ್ಟಿಕೊಂಡ ನಾಳವನ್ನು ತೆರೆದಿಡುವ ಸಣ್ಣ ಬಲೆಯಂಥ ಕೊಳವೆ, ಹಾಕಿದರು. ಎಕೋದಲ್ಲಿ (ಹೃದಯದ ಸ್ಕ್ಯಾನ್) ಹೃದಯ ಒಂದು ಬಡಿತಕ್ಕೆ ಹೊರಹಾಕುವ ರಕ್ತದ ಪ್ರಮಾಣ, ಅಂದರೆ ಪಂಪಿಂಗ್, ಮೊದಲು ಶೇಕಡಾ 38 ಇತ್ತು, ಒಂದು ವರ್ಷದಲ್ಲಿ 48ಕ್ಕೆ ಬಂತು. ಕೆಲಸ ಮಾಡುತ್ತೇನೆ, ದಿನಾ ಮುಕ್ಕಾಲು ಗಂಟೆ ನಡೆಯುತ್ತೇನೆ, ಮಗಳನ್ನು ಸ್ಕೂಟರಿನಲ್ಲಿ ಶಾಲೆಗೆ ಬಿಡುತ್ತೇನೆ. ಸಮಯಕ್ಕೆ ಚಿಕಿತ್ಸೆ ಸಿಕ್ಕಿದರೆ ಚಿಕ್ಕ ವಯಸ್ಸಿನವರು ಚೆನ್ನಾಗಿಯೇ ಚೇತರಿಸಿಕೊಳ್ಳುತ್ತಾರೆ. ಆದರೆ ಆರು ತಿಂಗಳಿಗೆ "ಹುಷಾರಾದೆ" ಅಂತ ಮಾತ್ರೆ ಬಿಡುವುದು, ಮತ್ತೆ ಸಿಗರೇಟು ಹಚ್ಚುವುದು ನಮ್ಮಂಥವರಲ್ಲೇ ಜಾಸ್ತಿ. ನನ್ನ ಜೊತೆ ವಾರ್ಡಿನಲ್ಲಿದ್ದ ಹುಡುಗನೊಬ್ಬ ರಕ್ತ ತೆಳು ಮಾಡುವ ಮಾತ್ರೆ ತಾನಾಗೇ ನಿಲ್ಲಿಸಿದ. ಸ್ಟೆಂಟ್ ಒಳಗೇ ಹೆಪ್ಪುಗಟ್ಟಿತು. ಉಳಿಯಲಿಲ್ಲ. ಅವನಿಗೆ 34.

ತಂದೆಗೆ 55ರೊಳಗೆ ಆಗಿದೆ ಅಂದರೆ ನೀವು ತೆಳ್ಳಗಿರುವುದನ್ನು ನಂಬಿ ಕೂರಬೇಡಿ. ಈ ವಾರವೇ ಬಿಪಿ, ಶುಗರ್, ಲಿಪಿಡ್ ಪ್ರೊಫೈಲ್ (ಕೊಲೆಸ್ಟರಾಲ್ ಪರೀಕ್ಷೆ) ಮಾಡಿಸಿ. ಲಿಪೋಪ್ರೋಟೀನ್ ಎ ಅನ್ನುವ ಟೆಸ್ಟ್ ಬಗ್ಗೆ ಡಾಕ್ಟರನ್ನು ಕೇಳಿ. ಅದು ರಕ್ತದಲ್ಲಿ ಕೊಲೆಸ್ಟರಾಲ್ ಹೊತ್ತೊಯ್ಯುವ ಒಂದು ಬಗೆಯ ಕಣ, ವಂಶದಿಂದ ಬರುವಂಥದ್ದು, ಸಾಮಾನ್ಯ ಲಿಪಿಡ್ ಟೆಸ್ಟಿನಲ್ಲಿ ಕಾಣುವುದಿಲ್ಲ. ಅಣ್ಣ ತಮ್ಮಂದಿರು ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ.

ಎಂದಾದರೂ ಬೆವರಿನ ಜೊತೆ ಎದೆ ಹಿಡಿದುಕೊಂಡರೆ ಕಷಾಯ ಕುಡಿದು ಕಾಯಬೇಡಿ. ಬೈಕ್ ಓಡಿಸಿಕೊಂಡು ಹೋಗಬೇಡಿ, 108ಕ್ಕೆ ಫೋನ್ ಮಾಡಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಈಗ ತಾಲ್ಲೂಕು ಆಸ್ಪತ್ರೆಗಳಲ್ಲೂ ಇಸಿಜಿ ನೋಡಿ, ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಮೊದಲ ಇಸಿಜಿ ನಾರ್ಮಲ್ ಬಂದರೂ ನೋವು ನಿಲ್ಲದಿದ್ದರೆ ಮನೆಗೆ ಹೊರಡಬೇಡಿ, ಇನ್ನೊಮ್ಮೆ ತೆಗೆಯಿರಿ, ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯಾ ಅಂತ ತೋರಿಸುವ ಟ್ರೋಪೋನಿನ್ ರಕ್ತಪರೀಕ್ಷೆ ಮಾಡಿ ಅಂತ ಬಾಯಿಬಿಟ್ಟು ಕೇಳಿ.