ಜಾವಗಲ್ ಶ್ರೀನಾಥ್ ನಿಜಕ್ಕೂ ಅಷ್ಟು ದೊಡ್ಡ ಬೌಲರೇ?

ನೀವು ಎರಡು ಅಂಕಿಗಳನ್ನು ಮುಂದಿಟ್ಟಿದ್ದೀರಿ: 2003ರ ವಿಶ್ವಕಪ್ ಫೈನಲ್‌ನಲ್ಲಿ 10 ಓವರಿಗೆ 87 ರನ್, ವಿಕೆಟ್ ಶೂನ್ಯ, ಟೆಸ್ಟ್ ಸರಾಸರಿ (ಒಂದು ವಿಕೆಟ್‌ಗೆ ಬಿಟ್ಟುಕೊಟ್ಟ ರನ್, ಕಡಿಮೆಯಿದ್ದಷ್ಟೂ ಒಳ್ಳೆಯದು) 30.49. ಇಷ್ಟಾದರೂ ಭಾರತದ ಈ ಹಳೆಯ ವೇಗದ ಬೌಲರ್ ಶ್ರೀನಾಥ್ ಅವರನ್ನು ಕೊಂಡಾಡುವುದು ಬರೀ ಕನ್ನಡಿಗರ ಅಭಿಮಾನವಲ್ಲವೇ ಎಂದು ಕೇಳಿದ್ದೀರಿ. ಅಭಿಮಾನ ಇಲ್ಲವೆಂದರೆ ಸುಳ್ಳಾದೀತು. ಆದರೆ ನಾನು ಹುಬ್ಬಳ್ಳಿಯವನು. ನಮ್ಮ ಕಡೆ ಆ ಅಭಿಮಾನದ ಮೊದಲ ಪಾಲು ಗದಗಿನ ಸ್ಪಿನ್ನರ್ ಸುನೀಲ್ ಜೋಶಿ ಅವರದು. ಶಾಲೆಯ ದಿನಗಳಲ್ಲಿ ನಸುಕಿನಲ್ಲೇ ಹುಬ್ಬಳ್ಳಿಗೆ ಅಭ್ಯಾಸಕ್ಕೆ ಬಂದು, ಶಾಲೆಯ ಹೊತ್ತಿಗೆ ಮತ್ತೆ ಊರು ಸೇರುತ್ತಿದ್ದವರು ಅವರು. ಮೈಸೂರಿನ ಎಂಜಿನಿಯರ್ ಶ್ರೀನಾಥ್ ನಮಗೆ ಹಿಡಿಸಿದ್ದು ಬೌಲಿಂಗ್‌ನಿಂದಲೇ.

ಆ 30.49ನ್ನು ಸ್ವಲ್ಪ ಬಿಡಿಸಿ ನೋಡಿ. ವೇಗದ ಬೌಲರ್‌ಗಳು ಸಾಮಾನ್ಯವಾಗಿ ಹೊರದೇಶದಲ್ಲಿ ಮೆರೆದು ಭಾರತದಲ್ಲಿ ಸೊರಗುತ್ತಾರೆ. ಶ್ರೀನಾಥ್ ಲೆಕ್ಕ ತಿರುಗಾಮುರುಗಾ. ತವರಿನಲ್ಲಿ ಅವರ ಟೆಸ್ಟ್ ಸರಾಸರಿ 27ಕ್ಕಿಂತ ಕಡಿಮೆ, ಹೆಚ್ಚುಕಡಿಮೆ ಕಪಿಲ್ ದೇವ್ ಅವರಷ್ಟೇ. ಸ್ಪಿನ್ನರ್‌ಗಳು ಬರುವವರೆಗೆ ಹೊಸ ಚೆಂಡಿನ ಹೊಳಪು ತೆಗೆದುಕೊಡುವುದೇ ವೇಗಿಯ ಕೆಲಸ ಎಂದು ತಂಡವೇ ನಂಬಿದ್ದ ಕಾಲದಲ್ಲಿ ಬಂದ ಸರಾಸರಿ ಇದು. 1991ರಲ್ಲಿ ಬ್ರಿಸ್ಬೇನ್‌ನಲ್ಲಿ ಪದಾರ್ಪಣೆ ಮಾಡಿದವರಿಗೆ ತವರಿನ ಮೊದಲ ಟೆಸ್ಟ್ ಸಿಕ್ಕಿದ್ದು 1994ರ ಕೊನೆಯಲ್ಲಿ, ಕಪಿಲ್ ನಿವೃತ್ತರಾದ ಮೇಲೆ. ವೇಗಿಯೊಬ್ಬನ ಮೈಯಲ್ಲಿ ಕಸುವು ತುಂಬಿರುವ ವರ್ಷಗಳೇ ಅವು.

ನಾನು ಇಲ್ಲಿನ ಲೀಗ್ ಪಂದ್ಯಗಳಲ್ಲಿ ಮಧ್ಯಮ ವೇಗದ ಬೌಲಿಂಗ್ ಮಾಡುತ್ತಿದ್ದೆ. ಬೆಳಿಗ್ಗೆ ಬೇಗ ಹೋಗಿ ತೆಂಗಿನ ನಾರಿನ ಮ್ಯಾಟ್ ಹಾಸಿ, ಸುಕ್ಕು ಹೋಗುವಂತೆ ಜಗ್ಗಿ, ಅಂಚಿಗೆ ಮೊಳೆ ಬಡಿಯುವುದೂ ನಮ್ಮದೇ ಕೆಲಸ. ಮ್ಯಾಟ್ ಮೇಲೆ ತುಸು ಹಿಂದೆ, ಬ್ಯಾಟರ್‌ನಿಂದ ದೂರದಲ್ಲಿ, ಪಿಚ್ ಮಾಡಿದರೆ ಚೆಂಡು ಎದೆಮಟ್ಟ ಎದ್ದು ಬರುತ್ತಿತ್ತು, ನಾವು ಭಾರಿ ಬೌಲರ್‌ಗಳೆಂದು ಬೀಗುತ್ತಿದ್ದೆವು. ಅದೇ ಚೆಂಡನ್ನು ಟರ್ಫ್, ಅಂದರೆ ಮಣ್ಣಿನ ಪಿಚ್, ಮೇಲೆ ಹಾಕಿದರೆ ಸೊಂಟದ ಕೆಳಗೇ ಸತ್ತು ಹೋಗುತ್ತಿತ್ತು. ಅಂಥ ಸತ್ತ ಪಿಚ್‌ನಿಂದ ಚೆಂಡನ್ನು ಎಬ್ಬಿಸಿ, ಜೊತೆಗೆ ಬಲಗೈ ಬ್ಯಾಟರ್‌ನ ಒಳಕ್ಕೆ ನುಗ್ಗಿಸುವುದು ಶ್ರೀನಾಥ್‌ಗೆ ಸಹಜವಾಗಿ ಬರುತ್ತಿತ್ತು. ಹಿಂದೆ ಪಿಚ್ ಮಾಡುವ ಚಾಳಿ ಅವರಿಗೂ ಇತ್ತು, ಒಪ್ಪುತ್ತೇನೆ. ಬ್ಯಾಟರ್ ತಬ್ಬಿಬ್ಬಾಗುತ್ತಿದ್ದ, ಚೆಂಡು ಮಾತ್ರ ಸ್ಟಂಪ್ ಮೇಲಿಂದ ಹಾರಿಹೋಗುತ್ತಿತ್ತು. ನೋಡುವವರಿಗೆ ಅದಕ್ಕಿಂತ ಹೊಟ್ಟೆ ಉರಿಸುವ ದೃಶ್ಯ ಇನ್ನೊಂದಿರಲಿಲ್ಲ.

ಮುಂದೆ ಪಿಚ್ ಮಾಡಿದ ದಿನ ಏನಾಗುತ್ತಿತ್ತು ಎಂಬುದಕ್ಕೆ 1996ರ ಅಹಮದಾಬಾದ್ ಟೆಸ್ಟ್ ಇದೆ. ಲಕ್ಷ್ಮಣ್ ಪದಾರ್ಪಣೆ ಮಾಡಿದ ಪಂದ್ಯ ಅದು. ದಕ್ಷಿಣ ಆಫ್ರಿಕಾಕ್ಕೆ ಬೇಕಿದ್ದದ್ದು 170 ರನ್, 105ಕ್ಕೆ ಮುಗಿಯಿತು. ಶ್ರೀನಾಥ್ 21 ರನ್ನಿಗೆ 6 ವಿಕೆಟ್. ಮರುವರ್ಷವೇ ಭುಜದ ಗಾಯ, ಶಸ್ತ್ರಚಿಕಿತ್ಸೆ. ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿತು. ಭುಜ ಕೊಯ್ಯಿಸಿಕೊಂಡ ಎಷ್ಟೋ ವೇಗಿಗಳ ಕಥೆ ಅಲ್ಲಿಗೇ ಮುಗಿಯುತ್ತದೆ. ಇವರ ಅತ್ಯುತ್ತಮ ಪಂದ್ಯ ಇನ್ನೂ ಬಾಕಿ ಇತ್ತು.

1999ರ ಫೆಬ್ರುವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ವಿರುದ್ಧ ಕುಂಬ್ಳೆ ಒಂದೇ ಇನಿಂಗ್ಸ್‌ನಲ್ಲಿ ಒಂಬತ್ತು ವಿಕೆಟ್ ಪಡೆದಿದ್ದಾಗ, ಹತ್ತನೆಯದನ್ನು ತಾವು ಕಸಿಯಬಾರದೆಂದು ಶ್ರೀನಾಥ್ ಬೇಕೆಂದೇ ಆಫ್ ಸ್ಟಂಪ್‌ನಿಂದ ಬಹಳ ಹೊರಗೆ ಎಸೆದರು. ವಿಕೆಟ್ ಬೀಳದಂತೆ ಬೌಲಿಂಗ್ ಮಾಡುವುದು ಎಷ್ಟು ಕಷ್ಟವೆಂದು ಬೌಲರ್‌ಗಳಿಗಷ್ಟೇ ಗೊತ್ತು. ಒಂಬತ್ತೇ ದಿನಕ್ಕೆ ಕೋಲ್ಕತ್ತದಲ್ಲಿ ಅದೇ ಪಾಕಿಸ್ತಾನದ ವಿರುದ್ಧ ಮತ್ತೊಂದು ಟೆಸ್ಟ್ ಶುರುವಾಯಿತು. ಮೊದಲ ಬೆಳಿಗ್ಗೆ ಪಾಕಿಸ್ತಾನ 26ಕ್ಕೆ 6. ಶ್ರೀನಾಥ್ ಮೊದಲ ಇನಿಂಗ್ಸ್‌ನಲ್ಲಿ 46ಕ್ಕೆ 5, ಎರಡನೆಯದರಲ್ಲಿ 86ಕ್ಕೆ 8. ಒಂದೇ ಪಂದ್ಯದಲ್ಲಿ ಹದಿಮೂರು ವಿಕೆಟ್. ಆ ಎರಡನೇ ಇನಿಂಗ್ಸ್‌ನಲ್ಲಿ ಸಯೀದ್ ಅನ್ವರ್ 188 ರನ್ ಗಳಿಸಿ ಅಜೇಯರಾಗಿ ಉಳಿದರು. ಭಾರತ 46 ರನ್ನಿಂದ ಸೋತಿತು. ಇಂದು ಆ ಟೆಸ್ಟ್ ಎಂದರೆ ಶೋಯಬ್ ಅಖ್ತರ್‌ಗೆ ಡಿಕ್ಕಿಯಾಗಿ ಸಚಿನ್ ರನೌಟ್ ಆದದ್ದು, ರೊಚ್ಚಿಗೆದ್ದ ಪ್ರೇಕ್ಷಕರನ್ನು ಹೊರಗಟ್ಟಿ ಖಾಲಿ ಈಡನ್‌ನಲ್ಲಿ ಆಟ ಮುಗಿಸಿದ್ದು, ಇವಷ್ಟೇ ಜನರ ಬಾಯಲ್ಲಿವೆ. ಹದಿಮೂರು ವಿಕೆಟ್ ಪಡೆದವನ ಹೆಸರನ್ನು ನಾವೇ ನೆನಪಿಸಿಕೊಡಬೇಕು. ಇದು ನನಗೆ ಇಂದಿಗೂ ಸರಿ ಕಾಣುವುದಿಲ್ಲ.

ಏಕದಿನದ ಬಗ್ಗೆ ಹೆಚ್ಚು ವಾದ ಬೇಕಿಲ್ಲ. 229 ಪಂದ್ಯ, 315 ವಿಕೆಟ್. ಭಾರತದ ವೇಗಿಗಳಲ್ಲಿ 300 ದಾಟಿದ ಮೊದಲಿಗರು ಅವರೇ.

ಇನ್ನು ನೀವು ಹೇಳಿದ, 2003ರ ಫೈನಲ್‌ನ 87 ರನ್. ಆ ಹೊತ್ತಿಗೆ ಶ್ರೀನಾಥ್ ವಯಸ್ಸು 33. ಟೆಸ್ಟ್ ಕ್ರಿಕೆಟ್‌ಗೆ ವಿದಾಯ ಹೇಳಿದ್ದವರನ್ನು ಗಂಗೂಲಿ ಒಪ್ಪಿಸಿ ಆಡಿಸುತ್ತಿದ್ದರು. ಆ ಟೂರ್ನಿಯಲ್ಲಿ 16 ವಿಕೆಟ್ ಪಡೆದರು. ಜೊಹಾನ್ಸ್‌ಬರ್ಗ್‌ನಲ್ಲಿ ಶ್ರೀಲಂಕಾ 109ಕ್ಕೆ ಉರುಳಿದ ದಿನ 35ಕ್ಕೆ 4. ಫೈನಲ್‌ನಲ್ಲಿ ಆಸ್ಟ್ರೇಲಿಯಾ ಗಳಿಸಿದ್ದು 2 ವಿಕೆಟ್‌ಗೆ 359, ಪಾಂಟಿಂಗ್ ಒಬ್ಬರೇ ಅಜೇಯ 140. ಬಿದ್ದ ಎರಡೂ ವಿಕೆಟ್ ಹರ್ಭಜನ್ ಪಾಲಾದವು. ಆಶಿಶ್ ನೆಹ್ರಾ ಅವರನ್ನು ಬಿಟ್ಟರೆ ಅಂದು ದಂಡಿಸಿಕೊಳ್ಳದೆ ಉಳಿದ ವೇಗಿ ನಮ್ಮಲ್ಲಿ ಯಾರಿದ್ದರು ಹೇಳಿ?

ಹಾಗೆಂದು ವಾಸಿಂ ಅಕ್ರಂ, ಡೊನಾಲ್ಡ್, ಮೆಕ್‌ಗ್ರಾ ಸಾಲಿನಲ್ಲಿ ನಾನೂ ಅವರನ್ನು ಕೂರಿಸಲಾರೆ. ಕಪಿಲ್ ನಿವೃತ್ತರಾದ ಮೇಲೆ, ಜಹೀರ್ ಖಾನ್ ಪಳಗುವವರೆಗೆ, ಭಾರತದ ವೇಗದ ಬೌಲಿಂಗಿನ ಭಾರ ಹೆಚ್ಚಿನಂಶ ಬಿದ್ದದ್ದು ಇವರ ಹೆಗಲಿಗೆ, ವೆಂಕಟೇಶ್ ಪ್ರಸಾದ್ ಜೊತೆಗಿದ್ದಷ್ಟು ದಿನ ಅವರ ಹೆಗಲಿಗೂ. ಬಿಡುವಿದ್ದಾಗ ಆ ಕೋಲ್ಕತ್ತ ಟೆಸ್ಟ್‌ನ ವಿಡಿಯೊ ಹುಡುಕಿ ನೋಡಿ. ಅನ್ವರ್ ಆಟವನ್ನು ಬದಿಗಿಟ್ಟು, ಇನ್ನೊಂದು ತುದಿಯಲ್ಲಿ ಬಂದು ಹೋದವರು ಹೇಗೆ ಔಟಾದರು ಎಂಬುದನ್ನಷ್ಟೇ ಗಮನಿಸಿ.